ಯಾರನ್ನೂ ಕರೆಯದೆ

ನಮ್ಮ ಮನೆಗೆ ಬಂದವರು ಕಂಬ ಎಷ್ಟು, ತೊಲೆ ಯಾವ ಮರದ್ದು, ಮನೆ ಕಟ್ಟಿಸಿದ್ದು ಯಾರ ಕಾಲದಲ್ಲಿ ಎಂದೆಲ್ಲ ಕೇಳುತ್ತಾರೆ. ಮಾವ ಎಲೆ ಅಡಿಕೆ ಮಡಚುತ್ತ ಉತ್ಸಾಹದಿಂದ ಹೇಳುತ್ತಾರೆ. ಬಾಗಿಲುಗಳ ಅಗಲ ಎಷ್ಟೆಂದು ಮಾತ್ರ ನಾನು ಮದುವೆಯಾಗಿ ಬಂದಮೇಲೆ ಯಾರೂ ಕೇಳಿದ್ದಿಲ್ಲ. ಮೊದಲ ಸಲ ಕೇಳಿದವಳು ವೆಲ್ಲೂರಿನ ಬಾಗಾಯಂ ಪುನರ್ವಸತಿ ಕೇಂದ್ರದಲ್ಲಿ ನನ್ನ ಗಂಡನಿಗೆ ತರಬೇತಿ ಕೊಡುತ್ತಿದ್ದ ಥೆರಪಿಸ್ಟ್ ಹುಡುಗಿ. ಅಂಗಳದಿಂದ ಜಗಲಿ ಎಷ್ಟು ಎತ್ತರ, ಹೊಸ್ತಿಲು ಎಷ್ಟು ಇಂಚು, ಮಂಚ ಎಷ್ಟು ಎತ್ತರ, ಪಾಯಿಖಾನೆ ಎಲ್ಲಿ? ಎಲ್ಲ ಬರೆಸಿ ತರಿಸಿ ಎಂದಳು.

ನಾನು ಊರಿಗೆ ಫೋನ್ ಮಾಡಿದೆ. ಮೈದುನ ಟೇಪು ಹಿಡಿದು ಅಳೆದು, ಮಗಳ ಲೆಕ್ಕದ ಪುಸ್ತಕದ ಹಾಳೆಯಲ್ಲಿ ಮನೆಯ ನಕ್ಷೆ ಗೀಚಿ ವಾಟ್ಸಾಪಿನಲ್ಲಿ ಕಳಿಸಿದ. ಹೆಬ್ಬಾಗಿಲು 30 ಇಂಚು. ನಡುಮನೆಯಿಂದ ನಮ್ಮ ಕೋಣೆಗೆ 26. ಅಡುಗೆಮನೆಗೆ 24. ಹೊಸ್ತಿಲು 4. ಜಗಲಿ ಅಂಗಳದಿಂದ ಎರಡೂವರೆ ಅಡಿ ಮೇಲೆ. ಪಾಯಿಖಾನೆ ಹಿತ್ತಿಲಿನಾಚೆ, ಮೆಟ್ಟಿಲಿಳಿದು, ಕೊಟ್ಟಿಗೆ ದಾಟಿ.

ಇವರ ವೀಲ್‌ಚೇರಿನ ಅಗಲ, ಕೈಯಿಂದ ತಿರುಗಿಸುವ ಹೊರಗಿನ ಬಳೆ ಸೇರಿಸಿ, 25 ಇಂಚು. ಬಾಗಿಲು 32 ಇಂಚಾದರೂ ಬೇಕು, 36 ಇದ್ದರೆ ಒಳ್ಳೆಯದು ಎಂದಳು ಹುಡುಗಿ. 26 ಇಂಚಿನ ಬಾಗಿಲಲ್ಲಿ ಕುರ್ಚಿ ತೂರೀತು, ಬೆರಳಿನ ಗೆಣ್ಣು ತೂರುವುದಿಲ್ಲ. ಆ ಹಾಳೆಯ ಪ್ರಕಾರ ಇವರು ತಮ್ಮದೇ ಮನೆಯಲ್ಲಿ ಸಲೀಸಾಗಿ ಹೋಗಬಹುದಾದ ಜಾಗ ನಡುಮನೆ ಒಂದೇ. ಅಲ್ಲಿಗೂ ಜಗಲಿ ಹತ್ತಿಸಿ, ಹೊಸ್ತಿಲು ದಾಟಿಸಿ ಬಿಡುವವರು ಇದ್ದರೆ.

ಇವರು ಬಿದ್ದದ್ದು ಅಡಿಕೆ ಮರದಿಂದ. ಮಲೆನಾಡಿನವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಅವರೇ ಊಹಿಸಿಕೊಳ್ಳುತ್ತಾರೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೊಮ್ಮೆ, ಸುಮಾರು ನಲವತ್ತು ದಿನ ಕಳೆದು ಇನ್ನೊಮ್ಮೆ ಬೋರ್ಡೋ ಹೊಡೆಯಬೇಕು. ಆ ಎರಡನೇ ಮದ್ದಿನ ಹೊತ್ತಿಗೆ ಮರವೆಲ್ಲ ಹಾವಸೆ ಕಟ್ಟಿರುತ್ತದೆ. ಎಲ್ಲರ ತೋಟಕ್ಕೂ ಒಂದೇ ಹೊಳವಿನಲ್ಲಿ ಆಗಬೇಕಾದ ಕೆಲಸ, ಮರ ಹತ್ತುವ ಕೊನೆಗೌಡರು ಬೆರಳೆಣಿಕೆ. ಕಾಯುತ್ತ ಕೂತರೆ ಕಾಯೆಲ್ಲ ಉದುರೀತೆಂದು ಇವರೇ ಹತ್ತಿದರು. ಸೊಂಟದ ಮೇಲ್ಭಾಗದ ಎಲ್-1 ಎಲುಬು ಒಡೆದು ಬೆನ್ನುಹುರಿಯನ್ನು ಒತ್ತಿತ್ತು. ಎಲುಬಿಗೆ ಸರಳು, ಸ್ಕ್ರೂ ಹಾಕಿ ನಿಲ್ಲಿಸಿದರು. ಕೈ, ಎದೆ ಗಟ್ಟಿಯಾಗೇ ಉಳಿದವು. ಕಾಲಿನ ಬಲ ಹೋಯಿತು, ಸ್ಪರ್ಶ ಬಹುಪಾಲು ಹೋಯಿತು, ಮಲಮೂತ್ರದ ಹಿಡಿತವೂ ಹೋಯಿತು.

ಬಾಗಾಯಂನ ಆ ಪುನರ್ವಸತಿ ಕೇಂದ್ರ ಶುರುವಾದದ್ದು 1966ರಲ್ಲಿ. ಶುರುಮಾಡಿದವರು ಡಾ. ಮೇರಿ ವರ್ಗೀಸ್. ಕೊಚ್ಚಿಯ ಕಡೆಯವರು, ವೆಲ್ಲೂರಿನಲ್ಲೇ ಓದಿದ ಎಳೆಯ ವೈದ್ಯೆ. 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗಿನ ಸ್ವಾಧೀನ ತಪ್ಪಿತು. ಆಮೇಲೆ ಅವರು ವೀಲ್‌ಚೇರಿನಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತರು, ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಓದಿ ಬಂದರು. ಬಾಗಾಯಂನಲ್ಲಿ ಈ ಕತೆ ಕೇಳಿದಾಗ ಇವರು ಕೇಳಿದ್ದು ಒಂದೇ ಮಾತು: "ಅವರ ಆಪರೇಷನ್ ಟೇಬಲ್ಲನ್ನು ತಗ್ಗಿಸಿದ್ದರಾ?" ಬಡಗಿ ಕೆಲಸ ಅಷ್ಟಿಷ್ಟು ಗೊತ್ತಿರುವ ಮನುಷ್ಯ. ಅಳತೆಯ ಪ್ರಶ್ನೆ ಬಂದ ದಿನ ನನಗೆ ಸ್ವಲ್ಪ ಧೈರ್ಯ ಬಂತು.

ಅಲ್ಲಿ ಕಲಿಸಿದ್ದು ನಡೆಯುವುದನ್ನಲ್ಲ. ಮಂಚದಿಂದ ಕುರ್ಚಿಗೆ ದಾಟುವುದು. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಹಗಲು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕುರ್ಚಿಯ ಕೈಗಳ ಮೇಲೆ ಭಾರ ಊರಿ ಕುಂಡೆ ಎತ್ತಿ ಹಿಡಿಯುವುದು, ಇಲ್ಲದಿದ್ದರೆ ಒತ್ತಡದ ಹುಣ್ಣಾಗುತ್ತದೆ. ನಾಲ್ಕಾರು ಗಂಟೆಗೊಮ್ಮೆ ತಾವೇ ಸಣ್ಣ ನಳಿಗೆ ತೂರಿಸಿ ಮೂತ್ರ ತೆಗೆದುಕೊಳ್ಳುವುದು. ಕನ್ನಡಿ ಹಿಡಿದು ಬೆನ್ನು, ಹಿಮ್ಮಡಿ ಕೆಂಪಾಗಿದೆಯೇ ನೋಡಿಕೊಳ್ಳುವುದು. ಇವನ್ನೆಲ್ಲ ಇವರು ಚೆನ್ನಾಗಿ ಕಲಿತರು. ಬಾಗಾಯಂನಿಂದ ಹೊರಟ ದಿನ ಇವರು ಹೆಚ್ಚು ಕಡಿಮೆ ಸ್ವತಂತ್ರ ಮನುಷ್ಯ.

ಊರು ಮುಟ್ಟಿದ ದಿನವೇ ಅದು ಮುಗಿಯಿತು.

ಜೀಪು ಅಂಗಳದಲ್ಲಿ ನಿಂತಾಗ ಕೇರಿಯವರೆಲ್ಲ ಸೇರಿದ್ದರು. ಇಳಿಜಾರು ಇಲ್ಲವಲ್ಲ ಎಂದು ನಾನು ಪೇಚಾಡುವ ಮೊದಲೇ ಕುರ್ಚಿಗೆ ನಾಲ್ಕು ಕೈ ಬಿದ್ದು, ಇವರು ದೇವರ ಪಲ್ಲಕ್ಕಿಯಂತೆ ಜಗಲಿ ಏರಿದರು. "ನಾವಿಷ್ಟು ಜನ ಇದ್ದೇವಲ್ಲ, ಇಳಿಜಾರು ಯಾಕೆ?" ಎಂದರು ಪಕ್ಕದ ಮನೆಯವರು. ಆ ಮಾತಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಸ್ನಾನಕ್ಕೆ ಮೈದುನ ಮತ್ತು ಆಳು ಎತ್ತಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ಪಾಯಿಖಾನೆಗೆ ಬದಲು ಕೋಣೆಯಲ್ಲೇ ತೂತಿನ ಕುರ್ಚಿ, ಕೆಳಗೆ ಬಕೆಟ್ಟು, ಬಾಗಿಲಿಗೆ ಹಳೇ ಸೀರೆಯ ಪರದೆ. ಪರದೆಯಾಚೆ ನಡುಮನೆಯಲ್ಲಿ ಯೋಗಕ್ಷೇಮ ವಿಚಾರಿಸಲು ಬಂದ ನೆಂಟರು.

ನಮ್ಮಂಥ ತುಂಬಿದ ಮನೆಗಳಲ್ಲಿ ಮನೆ ಬದಲಾಗುವುದಿಲ್ಲ, ಮನುಷ್ಯರೇ ಇಳಿಜಾರಾಗುತ್ತಾರೆ. ಪಟ್ಟಣದಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದಿದ್ದರೆ ಎರಡನೇ ವಾರವೇ ಗೋಡೆ ಒಡೆಸುತ್ತಿದ್ದೆವೇನೋ. ಇಲ್ಲಿ ಕೈಗಳಿಗೆ ಬರವಿಲ್ಲದ್ದರಿಂದಲೇ ಕೆಲಸ ಮುಂದೆ ಹೋಗುತ್ತಿತ್ತು. ಆ ಕೈಗಳನ್ನು ಕೂಗಿ ಕರೆಯಬೇಕಾದವರಿಗೆ ಹೇಗನಿಸುತ್ತದೆ ಎಂಬುದು ಕೈಗಳಿಗೆ ತಿಳಿಯುವುದಿಲ್ಲ.

ಇವರು ಕರೆಯುವುದನ್ನು ಕಡಿಮೆ ಮಾಡಿದರು. ಅದು ನನ್ನ ಕಣ್ಣಿಗೆ ಬಿದ್ದದ್ದು ನೀರಿನ ತಂಬಿಗೆಯಿಂದ. ಬೆಳಿಗ್ಗೆ ತುಂಬಿಟ್ಟ ತಂಬಿಗೆ ಸಂಜೆಗೂ ಮುಕ್ಕಾಲು ಇರುತ್ತಿತ್ತು. ನೀರು ಕುಡಿದರೆ ಮೂತ್ರ, ಮೂತ್ರವೆಂದರೆ ಪರದೆ, ಬಿಸಿನೀರು, ಸೋಪು, ನೆಂಟರನ್ನು ಜಗಲಿಗೆ ಕಳಿಸುವ ಏರ್ಪಾಡು. ಅದಕ್ಕಿಂತ ಬಾಯಾರಿಕೆಯೇ ಹಗುರ. ಕೊನೆಗೆ ಚಳಿ ಜ್ವರ ಬಂತು, ಮೂತ್ರದ ಸೋಂಕು ಎಂದರು ಶಿವಮೊಗ್ಗದಲ್ಲಿ. ಬೆನ್ನುಹುರಿಯ ಪೆಟ್ಟಿನವರಿಗೆ ಇದು ಬಿಡದೆ ಕಾಡುವ ತೊಂದರೆ, ಮೂತ್ರಪಿಂಡಕ್ಕೆ ಏರಿದರೆ ಜೀವಕ್ಕೇ ಅಪಾಯ. ಡಾಕ್ಟರು, ನೀರು ಯಾಕೆ ಕುಡಿಯುವುದಿಲ್ಲ ಎಂದು ಗದರಿದರು. ಇವರು ಸುಮ್ಮನೆ ಕಿಟಕಿ ನೋಡಿದರು.

ಮನೆ ಒಡೆಯಲು ಎಲ್ಲರಿಗಿಂತ ಹೆಚ್ಚು ವಿರೋಧ ಇದ್ದದ್ದು ಇವರದೇ. "ದೀಪಾವಳಿ ಹೊತ್ತಿಗೆ ನಡೀತೇನೆ, ಆಮೇಲೆ ಆ ಕಾಂಕ್ರೀಟನ್ನು ಏನು ಮಾಡ್ತೀ?" ಎನ್ನುತ್ತಿದ್ದರು. ಬಲಗಾಲಿನಲ್ಲಿ ಒಂದಿಷ್ಟು ಚಲನೆ ಮರಳುತ್ತಿತ್ತು, ಆಸೆಗೆ ಆಧಾರ ಇಲ್ಲದಿರಲಿಲ್ಲ. ಇಳಿಜಾರು ಕಟ್ಟುವುದೆಂದರೆ ಇನ್ನು ನಡೆಯುವುದಿಲ್ಲವೆಂದು ಸಹಿ ಹಾಕಿದಂತೆ ಎಂದು ಮನೆಯವರೆಲ್ಲರ ಭಾವನೆ. ಮಾವನಂತೂ ಆ ಮಾತೆತ್ತಿದರೆ ಎದ್ದು ತೋಟಕ್ಕೆ ಹೋಗುತ್ತಿದ್ದರು. ಆಸ್ಪತ್ರೆಯಿಂದ ಬಂದ ರಾತ್ರಿ ನಾನು ಇವರನ್ನು ಇಳಿಜಾರಿನ ಬಗ್ಗೆ ಕೇಳಲಿಲ್ಲ. ನೀವು ಯಾರನ್ನೂ ಕರೆಯದೆ ಮಾಡಬೇಕು ಅನ್ನಿಸುವುದು ಏನಾದರೂ ಒಂದು ಹೇಳಿ ಎಂದೆ. ಬಹಳ ಹೊತ್ತು ಬಿಟ್ಟು, "ಬಾಗಿಲು ಹಾಕಿಕೊಂಡು ಪಾಯಿಖಾನೆಗೆ ಹೋಗಬೇಕು" ಎಂದರು.

ಹಾಗಾಗಿ ನಮ್ಮಲ್ಲಿ ಮೊದಲು ಆದದ್ದು ಇಳಿಜಾರಲ್ಲ. ನಮ್ಮ ಕೋಣೆಗೂ ಉಗ್ರಾಣಕ್ಕೂ ನಡುವೆ ಒಂದೇ ಗೋಡೆ. ಉಗ್ರಾಣದ ಉಪ್ಪಿನಕಾಯಿ ಭರಣಿ, ಬೆಲ್ಲದ ಡಬ್ಬಗಳು ಅಟ್ಟ ಸೇರಿದವು. ಗೋಡೆಯಲ್ಲಿ 36 ಇಂಚಿನ ಬಾಗಿಲು ಒಡೆಸಿದೆವು. ಏಳು ಅಡಿಗೆ ಆರೂವರೆ ಅಡಿಯ ಬಚ್ಚಲು ಪಾಯಿಖಾನೆ ಎಂದಾಗ ಗಾರೆ ಕೆಲಸದವರು, "ಇದರಲ್ಲಿ ಒಂದು ನಾಮಕರಣ ಮಾಡಬಹುದಲ್ಲ ಅಮ್ಮಾ" ಎಂದು ನಕ್ಕರು. ಕುರ್ಚಿ ಪೂರ್ತಿ ಒಂದು ಸುತ್ತು ತಿರುಗಲು ಐದಡಿ ಬೇಕು ಎಂದು ತೋರಿಸಲು ಮೈದುನ ಖಾಲಿ ವೀಲ್‌ಚೇರಿನಲ್ಲಿ ತಾನೇ ಕೂತು ತಿರುಗಿದ. ಆಮೇಲೆ ಅವರು ನಗಲಿಲ್ಲ.

ಕಮೋಡಿನ ಒಂದು ಪಕ್ಕ ಮೂರಡಿ ಖಾಲಿ ಬಿಡಬೇಕು, ಕುರ್ಚಿಯನ್ನು ಅಲ್ಲಿ ನಿಲ್ಲಿಸಿ ಪಕ್ಕಕ್ಕೆ ಜರುಗಲು. ಕಮೋಡಿನ ಎತ್ತರವೂ ಕುರ್ಚಿಯ ಎತ್ತರವೂ ಒಂದೇ ಮಟ್ಟಕ್ಕಿರಬೇಕು. ಅಂಗಡಿಯಲ್ಲಿ ಸಿಕ್ಕಿದ್ದು ಎರಡು ಇಂಚು ಗಿಡ್ಡ, ಅಡಿಗೆ ಗಾರೆಯ ಪೀಠ ಕೊಟ್ಟು ಏರಿಸಿದೆವು. ಬಾಗಿಲು ಒಳಕ್ಕೆ ತೆರೆಯುವಂತಿರಬಾರದು. ಒಳಗೆ ಬಿದ್ದರೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ತೆರೆಯಲಾಗುವುದಿಲ್ಲ. ಅದಕ್ಕೆ ಪಕ್ಕಕ್ಕೆ ಸರಿಯುವ ಬಾಗಿಲು. ಹಿಡಿಕೆಯ ಪೈಪು ಹಾಕುವಾಗ ನಿಜವಾದ ತೊಡಕು ಎದುರಾಯಿತು. ನಮ್ಮ ಒಳಗೋಡೆಗಳು ಮಣ್ಣಿನವು. ಸ್ಕ್ರೂ ತಿರುಗಿಸಿದರೆ ಪುಡಿ ಉದುರುತ್ತದೆ, ಆಳಿನ ಭಾರ ಎಲ್ಲಿ ತಡೆದೀತು? ಆಚಾರಿ ಒಂದು ದಿನ ಯೋಚಿಸಿ, ಗೋಡೆಯನ್ನು ನಂಬದೆ ನೆಲದಿಂದ ತೊಲೆಯವರೆಗೆ ಕಬ್ಬಿಣದ ಪೈಪು ನಿಲ್ಲಿಸಿ ಅದಕ್ಕೆ ಹಿಡಿಕೆ ಬೆಸುಗೆ ಹಾಕಿಸಿದರು. ಆಮೇಲೆ ತಾವೇ ಅದಕ್ಕೆ ಜೋತುಬಿದ್ದು ಕಾಲು ಮಡಚಿ ನೇತಾಡಿ ನೋಡಿದರು.

ಬಿಸಿನೀರಿನದು ಬೇರೆಯೇ ಪಾಠ. ಹಂಡೆಯಲ್ಲಿ ಕುದಿಯುವ ನೀರಿನ ಸ್ನಾನ ನಮ್ಮ ಕಡೆಯವರಿಗೆ ಸುಖದ ಪರಮಾವಧಿ. ಸ್ಪರ್ಶವಿಲ್ಲದ ಕಾಲಿಗೆ ಅದು ಬೆಂಕಿ. ಒಂದು ಬೆಳಿಗ್ಗೆ ಇವರು ಕಾಫಿ ಲೋಟವನ್ನು ತೊಡೆಯ ನಡುವೆ ಇಟ್ಟುಕೊಂಡು ಪೇಪರು ಓದಿದ್ದರು, ಮಧ್ಯಾಹ್ನ ಬಟ್ಟೆ ಬದಲಿಸುವಾಗ ನೋಡಿದರೆ ಬೊಬ್ಬೆ. ಇವರಿಗೆ ಏನೂ ಗೊತ್ತಾಗಿರಲಿಲ್ಲ. ಅಷ್ಟು ಸಣ್ಣ ಗಾಯ ಮಾಯಲು ಎಷ್ಟೋ ವಾರ ಹಿಡಿಯಿತು. ಅಂದಿನಿಂದ ಮೊದಲು ತಣ್ಣೀರು, ಆಮೇಲೆ ಬಿಸಿ, ಮೊಣಕೈ ಅದ್ದಿ ನೋಡಿದ ಮೇಲೆ ಸ್ನಾನ. ಕಾಫಿಗೆ ಕುರ್ಚಿಯ ಎರಡು ಕೈಗಳ ಮೇಲೆ ಕೂರುವ, ಅಂಚು ಇರುವ ಹಲಗೆ.

ಪಾಯಿಖಾನೆ ಮುಗಿದ ಮೇಲೆ ಇಳಿಜಾರಿನ ಮಾತನ್ನು ಇವರೇ ತೆಗೆದರು. ಎತ್ತರ ಒಂದು ಇಂಚಾದರೆ ಉದ್ದ ಹನ್ನೆರಡು ಇಂಚು, ಇದು ವೀಲ್‌ಚೇರಿನವರ ಲೆಕ್ಕ. ನಮ್ಮ ಎರಡೂವರೆ ಅಡಿ ಜಗಲಿಗೆ ಮೂವತ್ತು ಅಡಿ. ಗಾರೆಯವರು ಎಂಟಡಿ ಸಾಕು, ಬೈಕು ಸಲೀಸಾಗಿ ಹತ್ತುತ್ತದೆ ಎಂದು ವಾದಿಸಿದರು. ಬೈಕು ಹತ್ತೀತು. ಹಿಂದಿನಿಂದ ಇಬ್ಬರು ತಳ್ಳಿದರೆ ವೀಲ್‌ಚೇರೂ ಹತ್ತೀತು. ತಾವೇ ಕೈಯಿಂದ ತಿರುಗಿಸಿ ಹತ್ತಬೇಕಾದವರು ಅಷ್ಟು ಕಡಿದಾದಲ್ಲಿ ಹಿಂದಕ್ಕೆ ಮಗುಚುತ್ತಾರೆ. ಮೂವತ್ತು ಅಡಿ ನೇರ ಹೋದರೆ ತುಳಸಿಕಟ್ಟೆ ಅಡ್ಡ. ತುಳಸಿಯನ್ನು ಸ್ಥಳಾಂತರಿಸುವ ಮಾತು ಬರುವ ಮೊದಲೇ ಇವರು ಜಗಲಿಯಲ್ಲಿ ಕೂತು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದರು: ಹದಿನೈದು ಅಡಿ ಹೋಗಿ, ಐದಡಿ ಚೌಕದ ಮಟ್ಟಸ ಜಾಗದಲ್ಲಿ ತಿರುಗಿ, ಮತ್ತೆ ಹದಿನೈದು. ನೀರು ತುಂಬಿದ ಪ್ಲಾಸ್ಟಿಕ್ ಪೈಪು ಹಿಡಿದು ಮಟ್ಟ ನೋಡುವ ಕೆಲಸವನ್ನೂ ತಾವೇ ವಹಿಸಿಕೊಂಡರು. ಬಿದ್ದ ಮೇಲೆ ಇವರು ಇನ್ನೊಬ್ಬರಿಗೆ ಕೆಲಸ ಹೇಳಿದ್ದು, ಬೈದದ್ದು ಅಂದೇ ಮೊದಲು. ನಾನು ಒಳಗೆ ಕಷಾಯ ಕಾಸುತ್ತ ಆ ಬೈಗುಳವನ್ನು ಕಿವಿ ತುಂಬ ಕೇಳಿದೆ.

ಪಟ್ಟಣದ ಇಳಿಜಾರಿಗೆ ಇಲ್ಲದ ಶತ್ರು ಮಲೆನಾಡಿನ ಇಳಿಜಾರಿಗಿದೆ, ಹಾವಸೆ. ನುಣುಪಾಗಿ ಸಾರಿಸಿದ ಸಿಮೆಂಟು ಒಂದೇ ಮಳೆಗಾಲಕ್ಕೆ ಜಾರುಬಂಡಿಯಾಗುತ್ತದೆ. ಹಸಿ ಇರುವಾಗಲೇ ಕಡ್ಡಿಪೊರಕೆಯಿಂದ ಅಡ್ಡಡ್ಡ ಗೀರು ಎಳೆಸಿದೆವು, ಎರಡೂ ಅಂಚಿಗೆ ಚಕ್ರ ಜಾರದಂತೆ ನಾಲ್ಕು ಇಂಚಿನ ದಿಣ್ಣೆ ಕಟ್ಟಿಸಿದೆವು, ಮೇಲೆ ತಗಡಿನ ಮಾಡು ಹೊದಿಸಿದೆವು. ಇಷ್ಟಾದರೂ ಆಷಾಢ ಶ್ರಾವಣದಲ್ಲಿ ಆಗಾಗ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಲೇಬೇಕು. ತಿಕ್ಕುವ ಕೆಲಸ ಮಾವನದು. ಇಳಿಜಾರಿನ ಹೆಸರೆತ್ತಿದರೆ ತೋಟಕ್ಕೆ ಹೋಗುತ್ತಿದ್ದವರು ಈಗ ಅದರ ಮೇಲೆ ಯಾರಾದರೂ ಕೆಸರುಗಾಲಿಟ್ಟರೆ ಸಿಡುಕುತ್ತಾರೆ.

ಉಳಿದದ್ದು ಹೊಸ್ತಿಲು. ವೀಲ್‌ಚೇರಿನ ಹಿಂದಿನ ದೊಡ್ಡ ಚಕ್ರ ಏನನ್ನಾದರೂ ಹತ್ತೀತು, ಮುಂದಿನ ಸಣ್ಣ ಚಕ್ರಗಳು ಅರ್ಧ ಇಂಚಿನ ಅಡ್ಡಿಗೂ ಗಕ್ಕನೆ ನಿಂತು ಕೂತವರನ್ನು ಮುಂದಕ್ಕೆ ಎಸೆಯುತ್ತವೆ. ನಾಲ್ಕು ಇಂಚಿನ ಹೊಸ್ತಿಲೆಂದರೆ ಕೋಟೆ. ಅತ್ತೆ ಅದಕ್ಕೆ ಪ್ರತಿ ಶುಕ್ರವಾರ ಅರಿಸಿನ ಕುಂಕುಮ ಹಚ್ಚಿ ಹೂವಿಡುವವರು, ಮೊಮ್ಮಕ್ಕಳು ಅದರ ಮೇಲೆ ಕೂತರೆ ಎಬ್ಬಿಸುವವರು. ಕೊಯ್ಸುವುದಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರೇ ಆಚಾರಿಯನ್ನು ಕರೆದು, "ಹೊಸ್ತಿಲು ಇರಲಿ, ಅವನು ದಾಟಲಿ. ಎರಡೂ ಆಗಬೇಕು, ಯೋಚನೆ ಮಾಡು" ಎಂದರು. ಹಲಸಿನ ಮರದ ಎರಡು ಓರೆ ಹಲಗೆಗಳಾದವು, ಹೊರಗೊಂದು ಒಳಗೊಂದು, ಮೂರು ಮೂರು ಅಡಿ, ಮೇಲೆ ರಬ್ಬರ್ ಪಟ್ಟಿ. ಒಂದಕ್ಕೆ ಹನ್ನೆರಡರ ಲೆಕ್ಕಕ್ಕಿಂತ ತುಸು ಕಡಿದು, ಗಿಡ್ಡವಾದ್ದರಿಂದ ಇವರು ಮುಂದಕ್ಕೆ ಬಾಗಿ ಒಂದೇ ಉಸಿರಿಗೆ ಹತ್ತಿಬಿಡುತ್ತಾರೆ. ಶುಕ್ರವಾರ ಹಲಗೆ ಸರಿಸಿ ಪೂಜೆ, ಆಮೇಲೆ ಮತ್ತೆ ಹಲಗೆ.

ಸಣ್ಣಪುಟ್ಟವು ಆಮೇಲೂ ನಡೆಯುತ್ತಲೇ ಇದ್ದವು. ಬಾಗಿಲ ತುದಿಯಲ್ಲಿದ್ದ ಚಿಲಕ ಸೊಂಟದ ಮಟ್ಟಕ್ಕಿಳಿಯಿತು, ಸ್ವಿಚ್ಚುಗಳು ಕೆಳಗೆ ಬಂದವು, ಕನ್ನಡಿ ಬಾಗಿತು. ಕೋಣೆಯ 26 ಇಂಚಿನ ಬಾಗಿಲವಾಡ ಕಿತ್ತು ಹೊಸದು ಕೂರಿಸಿದೆವು, ಅಡುಗೆಮನೆಯದೂ ಹಾಗೆಯೇ. ಆಗದೇ ಉಳಿದದ್ದೂ ಇದೆ. ಅಟ್ಟ ಇವರಿಗೆ ಇಲ್ಲ. ತೋಟ ಇಲ್ಲ, ಮನೆಯಿಂದ ಅಷ್ಟು ಕೆಳಗಿರುವ ತೋಟಕ್ಕೆ ಯಾವ ಲೆಕ್ಕದ ಇಳಿಜಾರೂ ಸಾಲದು. ಕೊನೆ ಕೊಯ್ಲಿನ ದಿನ ಇವರು ಅಂಗಳದ ಅಂಚಿಗೆ ಬಂದು, ಇಳಿದು ಬರುವ ಕೊನೆಗಳನ್ನು ಎಣಿಸಿ ಬರೆದುಕೊಳ್ಳುತ್ತಾರೆ. ಅಡಿಕೆ ಬೇಯಿಸಿ ಒಣಗಿಸಿ ವ್ಯಾಪಾರಕ್ಕೆ ಕಳಿಸುವವರೆಗಿನ ಉಸ್ತುವಾರಿ ಈಗ ಪೂರ್ತಿ ಇವರದು.

ದೀಪಾವಳಿಗೆ ಇವರು ನಡೆಯಲಿಲ್ಲ. ಅದರ ಮುಂದಿನ ವರ್ಷ, ಜಗಲಿಯಲ್ಲಿ ಹಾಕಿಸಿದ ಎರಡು ಸಾಲು ಜಿಐ ಪೈಪು ಹಿಡಿದು, ಕಾಲಿಗೆ ಕ್ಯಾಲಿಪರ್ ಕಟ್ಟಿ ಜಗಲಿಯ ಉದ್ದಕ್ಕೂ ನಡೆದರು. ಈಗಲೂ ದಿನಾ ನಡೆಯುತ್ತಾರೆ. ಹಾಗೆ ನಡೆಯಲು ಮಾಮೂಲಿ ನಡಿಗೆಗಿಂತ ಬಹಳ ಹೆಚ್ಚು ಶಕ್ತಿ ಬೇಕು, ಹತ್ತು ಹೆಜ್ಜೆಗೆ ಅಂಗಿ ಒದ್ದೆ. ಮುಗಿದೊಡನೆ ಕುರ್ಚಿಗೆ ಕೂತು ಮನೆಗೆಲಸಕ್ಕೆ ಹೊರಡುತ್ತಾರೆ. ನೆಂಟರು ಇನ್ನೂ ಕೇಳುವುದು ಒಂದೇ: "ನಡೀತಾರಾ?" ಇವರು ಮಾತಿನ ನಡುವೆ ಕೈಯೂರಿ ಮೈ ಎತ್ತಿದರೆ, ಎದ್ದೇಬಿಟ್ಟರೆಂದು ಅವರೂ ಅರ್ಧ ಏಳುತ್ತಾರೆ. ಇವರಿಗೆ ಅದೊಂದು ತಮಾಷೆ, ಬೇಕೆಂದೇ ಎರಡು ಸಲ ಹೆಚ್ಚು ಎತ್ತುತ್ತಾರೆ.

ಅಂಗಳದಾಚೆ ಹಳೆಯ ಕತೆಯೇ. ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. 2017ರಲ್ಲಿ ನಿಯಮಗಳಾದ ಮೇಲೆ ಐದು ವರ್ಷದೊಳಗೆ, ಎಂದರೆ 2022ರ ಹೊತ್ತಿಗೆ, ಇದ್ದ ಸಾರ್ವಜನಿಕ ಕಟ್ಟಡಗಳೆಲ್ಲ ಇವರಂಥವರು ಒಳಹೋಗುವಂತೆ ಬದಲಾಗಬೇಕಿತ್ತು. ಪೇಟೆಯ ಒಂದು ಕಚೇರಿಯಲ್ಲಿ ಇಳಿಜಾರೇನೋ ಇದೆ, ಅದರ ಬುಡದಲ್ಲಿ ತೆರೆದ ಚರಂಡಿ. ಒಳಗಿನಿಂದ ಇಬ್ಬರು ಓಡಿಬಂದು, "ನಾವೇ ಎತ್ತಿಕೊಂಡು ಹೋಗ್ತೇವೆ ಸಾರ್" ಎನ್ನುತ್ತಾರೆ. ಒಳ್ಳೆಯ ಜನ. ಅವರ ಒಳ್ಳೆಯತನ ಇರುವವರೆಗೆ ಚರಂಡಿಗೆ ಚಪ್ಪಡಿ ಬೀಳುವುದಿಲ್ಲ.

ಮನೆ ಬದಲಾದ ಮೇಲೆ ನಮ್ಮಿಬ್ಬರ ನಡುವೆ ಮರಳಿ ಬಂದದ್ದರಲ್ಲಿ ನನಗೆ ಬಹಳ ಬೆಲೆಯಾದದ್ದು ಜಗಳ. ಮೊದಲು ಜಗಳವಾಡಲು ಆಗುತ್ತಿರಲಿಲ್ಲ. ಸಿಟ್ಟು ಬಂದರೆ ಎದ್ದುಹೋಗಲಾರದವರ ಜೊತೆ ಯಾರು ಜಗಳವಾಡುತ್ತಾರೆ? ನಾನು ಒಂದು ಮಾತು ಆಡಿದರೆ ಅವರು ಅದನ್ನು ಕೂತಲ್ಲೇ ಕೇಳಿಸಿಕೊಳ್ಳಬೇಕು, ಅವರು ಆಡಿದರೆ ನಾನು ಕೋಣೆ ಬಿಟ್ಟು ಹೋಗುವುದು ಅನ್ಯಾಯ. ಎರಡು ಮಳೆಗಾಲ ನಾವು ನಯವಾಗಿ ಮಾತಾಡಿಕೊಂಡೇ ಕಳೆದೆವು. ಈಗ ಅಡಿಕೆ ದರಕ್ಕೋ ಮಗಳ ಕಾಲೇಜಿಗೋ ಮಾತು ಬೆಳೆದರೆ ಇವರು ಗರ್ರನೆ ಕುರ್ಚಿ ತಿರುಗಿಸಿ ಓರೆ ಹಲಗೆ ದಾಟಿ ಅಂಗಳಕ್ಕೆ ಹೋಗಿಬಿಡುತ್ತಾರೆ.

ಅಕ್ಕಪಕ್ಕದ ಊರುಗಳಲ್ಲಿ ಮರದಿಂದ ಬಿದ್ದವರು, ಪಾರ್ಶ್ವವಾಯು ಆದವರು ಇದ್ದರೆ ಅವರ ಮನೆಯವರು ನಮ್ಮ ಇಳಿಜಾರು ನೋಡಲು ಬರುತ್ತಾರೆ. ಎಷ್ಟು ಖರ್ಚಾಯಿತು, ಸಿಮೆಂಟು ಎಷ್ಟು ಚೀಲ ಎಂದು ಕೇಳುತ್ತಾರೆ. ಎಲ್ಲ ಹೇಳುತ್ತೇನೆ, ಪಾಯಿಖಾನೆಯ ಬಾಗಿಲನ್ನೂ ಸರಿಸಿ ತೋರಿಸುತ್ತೇನೆ. ಆದರೆ ನಮ್ಮ ಅಳತೆ ಬರೆದುಕೊಂಡು ಹೋಗಬೇಡಿ ಎನ್ನುತ್ತೇನೆ. ಯಾರನ್ನೂ ಕರೆಯದೆ ಮಾಡಬೇಕೆನಿಸುವ ಮೊದಲ ಕೆಲಸ ಯಾವುದೆಂದು ನಿಮ್ಮವರನ್ನೇ ಕೇಳಿ. ಇವರಿಗೆ ಅದು ಪಾಯಿಖಾನೆಯಾಗಿತ್ತು. ನಿಮ್ಮ ತಾಯಿಗೆ ದೇವರ ಮನೆಯೋ ಒಲೆಯೋ ಇರಬಹುದು, ತಂದೆಗೆ ಬೀದಿಗೆ ತೆರೆದ ಕಟ್ಟೆ ಇರಬಹುದು. ಅದು ತಿಳಿದ ಮೇಲೆ ಗಾರೆಯವರನ್ನು ಕರೆಸಿ, ಅಲ್ಲಿಂದ ಒಡೆಯಲು ಶುರುಮಾಡಿ. ಕಾಲು ಸರಿಹೋಗುವವರೆಗೆ ಕಾಯಬೇಡಿ. ಸರಿಹೋದರೆ ಇಳಿಜಾರಿನ ಮೇಲೆ ನಡೆದುಕೊಂಡೇ ಬರಲಿ, ಅದಕ್ಕೇನೂ ಅಡ್ಡಿಯಿಲ್ಲ.